ಸಹಾಯ ಬೇಕು: ಮೊಟ್ಟೆಯ ಸತ್ವ ತಳಿಯದೋ, ಮೇವಿನದೋ?

ನಮಸ್ಕಾರ. ಕೊಡಗಿನ ನಾಪೋಕ್ಲು ಬಳಿ ನಮ್ಮ ಕಾಫಿ ತೋಟದಲ್ಲಿ ನಾಟಿ ಕೋಳಿಗಳ ಜೊತೆ ಗಿರಿರಾಜ ಎಂಬ ಸುಧಾರಿತ ತಳಿಯ ಎಂಟು ಹೇಟೆಗಳಿವೆ. ಹೋಂಸ್ಟೇಗೆ ಬರುವವರೆಲ್ಲ ‘ನಾಟಿ ಮೊಟ್ಟೆಯಲ್ಲಿ ಪ್ರೋಟೀನ್ ಹೆಚ್ಚಲ್ಲವೇ?’ ಎನ್ನುತ್ತಾರೆ. ಹೌದೆಂದರೆ ಎರಡು ರೂಪಾಯಿ ಹೆಚ್ಚು ಸಿಗುತ್ತದೆ, ಆದರೆ ಸುಳ್ಳು ಹೇಳಲು ನಾಲಿಗೆ ಏಳುವುದಿಲ್ಲ. 50 ಗ್ರಾಂ ಮೊಟ್ಟೆಯಲ್ಲಿ ಪ್ರೋಟೀನ್ ಸುಮಾರು 6 ಗ್ರಾಂ; ನಾಟಿಯದು ಗಾತ್ರದಲ್ಲೇ ಚಿಕ್ಕದು.

ನಿನ್ನೆ ಎರಡನ್ನೂ ಒಂದೇ ತಟ್ಟೆಗೆ ಒಡೆದೆ. ಗಿರಿರಾಜದ ಲೋಳೆ ತಟ್ಟೆ ತುಂಬ ಹರಡಿತು. ನಾಟಿಯದರಲ್ಲಿ ಲೋಳೆ ಕಡಿಮೆ, ಹಳದಿಯೇ ದಪ್ಪಗೆ ಕುಳಿತಿತ್ತು. ಕೊಬ್ಬು, ವಿಟಮಿನ್ ಎ, ಡಿ ಇರುವುದು ಹಳದಿಯಲ್ಲಿ. ತಳಿಯ ಕೊಡುಗೆ ಇಲ್ಲಿದೆ ಎಂದು ನನ್ನ ಊಹೆ. ಚಿಪ್ಪಿನ ಬಣ್ಣವೂ ತಳಿಯದೇ, ಆದರೆ ಅದರಿಂದ ಸತ್ವವೇನೂ ಹೆಚ್ಚುವುದಿಲ್ಲ. ಹಳದಿಯ ಬಣ್ಣವಂತೂ ಮೇವಿನದು: ಕಕ್ಕಡ ತಿಂಗಳ ಮಳೆಗೆ ಸೊಪ್ಪು ಸಿಗದೆ ಗೂಡಿನಲ್ಲೇ ಇದ್ದಾಗ ಎರಡರದೂ ಪೇಲವವಾಗಿತ್ತು.

ಒಂದೇ ಮೇವು ಹಾಕಿ ಎರಡು ತಳಿ ಸಾಕಿದವರು ಹಳದಿಯನ್ನು ಬೇರೆಯಾಗಿ ತೂಗಿ ನೋಡಿದ್ದೀರಾ? ನಾಟಿ ಹುಂಜಕ್ಕೆ ಗಿರಿರಾಜ ಹೇಟೆ ಕೂಡಿಸಿದರೆ ಮರಿಗಳು ಮುಂದೆ ಇಡುವ ಮೊಟ್ಟೆ ಯಾರನ್ನು ಹೋಲುತ್ತದೆ? ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ ಮೊಟ್ಟೆ ಪರೀಕ್ಷೆಗೆ ಕೊಟ್ಟವರಿದ್ದರೆ, ಎಷ್ಟು ಮೊಟ್ಟೆ ಬೇಕು, ಖರ್ಚೆಷ್ಟು ಎಂದು ದಯವಿಟ್ಟು ತಿಳಿಸಿ.