ಸಹಾಯ ಬೇಕು: ಕೆರೆ ತುಂಬ ಹಸಿರು ಪಾಚಿ, ಮೀನು ಉಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಕಡೆ ಒಂದು ಹಳ್ಳಿ. ಊರ ಕೆರೆಯನ್ನು ನಮ್ಮ ಮೀನುಗಾರರ ಸಂಘ ಗುತ್ತಿಗೆಗೆ ಹಿಡಿದು ಕಾಟ್ಲಾ, ರೋಹು, ಮೃಗಾಲ ಮರಿ ಬಿಟ್ಟಿದೆ. ಈಗ ಬಿಸಿಲು ಏರಿ ನೀರು ಇಳಿದಿದೆ. ತೂಬಿನ ಕಡೆ ಹಸಿರು ಕೆನೆ ಬಂದು ಕೂತಿದೆ. ಕೋಲು ಅದ್ದಿದರೆ ನೂಲಿನಂಥ ಎಳೆ ಬರುವುದಿಲ್ಲ, ಪೇಂಟ್ ಹಾಗೆ ಮೆತ್ತಿಕೊಳ್ಳುತ್ತದೆ. ಗಾಜಿನ ಬಾಟಲಿಯಲ್ಲಿ ತುಂಬಿಟ್ಟರೆ ಹಸಿರೆಲ್ಲ ಮೇಲೆ ತೇಲಿ ಕೆಳಗೆ ತಿಳಿನೀರು ನಿಲ್ಲುತ್ತದೆ. ನೀಲಿ-ಹಸಿರು ಪಾಚಿ, ಬಹುಶಃ ಮೈಕ್ರೋಸಿಸ್ಟಿಸ್ ಅಂತ ನನ್ನ ಅನುಮಾನ.

ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆ. ರಾತ್ರಿ ಪಾಚಿಯೂ ಆಮ್ಲಜನಕ ಎಳೆದುಕೊಳ್ಳುತ್ತದೆ ಅಲ್ವಾ, ಅದಕ್ಕೇ ಇರಬೇಕು. ಬಿಸಿಲೇರಿದ ಮೇಲೆ ಸುಧಾರಿಸಿಕೊಳ್ಳುತ್ತವೆ.

ಅಂಗಡಿಯವರು ಮೈಲುತುತ್ತ ಹಾಕಿ ಅನ್ನುತ್ತಾರೆ. ನನಗಂತೂ ಧೈರ್ಯವಿಲ್ಲ. ಪಾಚಿ ಒಟ್ಟಿಗೇ ಸತ್ತು ಕೊಳೆತರೆ ಇರುವ ಆಮ್ಲಜನಕವೂ ಹೋಗುತ್ತದೆ, ಅದರೊಳಗಿನ ವಿಷವೂ ನೀರಿಗೇ ಬರುತ್ತದೆ. ಸಂಘದಲ್ಲಿ ಕೆಲವರು ಕೇಳುತ್ತಿಲ್ಲ. ಹಾಕಿ ನೋಡಿದವರಿದ್ದರೆ ಏನಾಯ್ತು ಹೇಳಿ, ಅವರಿಗೆ ತೋರಿಸುತ್ತೇನೆ.

ಸಗಣಿ, ಗೊಬ್ಬರ ಹಾಕುವುದನ್ನು ನಿಲ್ಲಿಸಿದ್ದೇವೆ. ರಾತ್ರಿ ಡೀಸೆಲ್ ಪಂಪಿನಿಂದ ಕೆರೆ ನೀರನ್ನೇ ಎತ್ತಿ ಚಿಮ್ಮಿಸೋಣ ಅಂತಿದ್ದೇವೆ. ದೊಡ್ಡ ಕೆರೆಗೆ ಅಷ್ಟು ಸಾಕಾ, ಸುಮ್ನೆ ಡೀಸೆಲ್ ದಂಡವಾ?

ಪಾಚಿಯ ವಿಷ ಇದೆಯಾ ಅಂತ ನೀರು ಪರೀಕ್ಷೆ ಮಾಡಿಸಿದವರು ಯಾರಾದರೂ ಇದ್ದೀರಾ? ಎಲ್ಲಿ, ಖರ್ಚೆಷ್ಟು, ಸ್ಯಾಂಪಲ್ ಐಸ್‌ನಲ್ಲಿಟ್ಟು ಒಯ್ಯಬೇಕಾ? ವಿಷ ಜಾಸ್ತಿ ಸೇರುವುದು ಮೀನಿನ ಈಲಿ, ಕರುಳಿಗೆ, ಬೇಯಿಸಿದರೂ ಹೋಗುವುದಿಲ್ಲ ಅಂತ ಓದಿದ್ದೇನೆ. ಹಾಗಾಗಿ ಫಲಿತಾಂಶ ಬರುವವರೆಗೆ ಬಲೆ ಬಿಡುತ್ತಿಲ್ಲ. ದನಗಳನ್ನೂ ಆ ಕಡೆ ಬಿಡಬೇಡಿ ಅಂದಿದ್ದೇವೆ, ಆದರೆ ಕುರಿಯವರು ಬರುತ್ತಲೇ ಇದ್ದಾರೆ.

ಫೋಟೊ ಬೇಕಾದರೆ ಹೇಳಿ, ಹಾಕುತ್ತೇನೆ.