ಟ್ರಿಬ್ಯೂನಲ್‌ನಲ್ಲೂ ತಮ್ಮನ ಅರ್ಜಿ ಬಿತ್ತು, ಕೋರ್ಟಿಗೆ ಹೋಗಬಹುದಾ?

ಮಲ್ಪೆಯ ಅಕ್ಕ:
ತಮ್ಮ ಮೆಲ್ಬರ್ನ್‌ನಲ್ಲಿದ್ದಾನೆ. ಬೇರೆ ಧರ್ಮದ ಹುಡುಗಿಯನ್ನು ಮದುವೆಯಾದ ಮೇಲೆ ಊರಲ್ಲಿ ಬೆದರಿಕೆ ಬಂತು, ಅಲ್ಲಿ 866 ಪ್ರೊಟೆಕ್ಷನ್ ವೀಸಾಕ್ಕೆ (ಊರಿಗೆ ಮರಳಲು ಜೀವಭಯ ಇರುವವರಿಗೆ ಆಸ್ಟ್ರೇಲಿಯಾ ಕೊಡುವ ಆಶ್ರಯದ ವೀಸಾ) ಹಾಕಿದ. ವಲಸೆ ಇಲಾಖೆ ತಿರಸ್ಕರಿಸಿತು, ಈಗ ಅದರ ತೀರ್ಮಾನವನ್ನು ಮರುಪರಿಶೀಲಿಸುವ ಟ್ರಿಬ್ಯೂನಲ್ ಕೂಡ. ಇವನ ಮಾತು ನಂಬುವಂಥದ್ದಲ್ಲ, ನಂಬಿದರೂ ಬೆಂಗಳೂರಿಗೆ ಹೋಗಿ ಬದುಕಬಹುದು ಅಂತ ಬರೆದಿದ್ದಾರೆ.

ನಂಬದ್ದಕ್ಕೆ ಕಾರಣ ಕೇಳಿದರೆ ನಗಬೇಕೋ ಅಳಬೇಕೋ. ವಿಚಾರಣೆಯಲ್ಲಿ ಇವ "ಮೊನ್ನೆ ಮನೆಗೆ ಬಂದು ಅಮ್ಮನನ್ನು ಹೆದರಿಸಿದ್ದಾರೆ" ಅಂದನಂತೆ. ನಮ್ಮ ಕಡೆ ಎರಡು ತಿಂಗಳಾದರೂ ಮೊನ್ನೆಯೇ ಅಲ್ವಾ? ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಎರಡು ದಿನದ ಹಿಂದೆ ಮಾಡಿಬಿಟ್ಟ. ಅಮ್ಮನ ಪತ್ರದ ತಾರೀಕಿಗೆ ತಾಳೆಯಾಗಲಿಲ್ಲ, ಸುಳ್ಳು ಅಂದರು.

ಈಗ ಸ್ಟೇಷನ್ನಿನಿಂದ ದೂರಿನ ಹಿಂಬರಹ ಸಿಕ್ಕಿದೆ. ಅದನ್ನು ಕೊಟ್ಟರೆ ಕೋರ್ಟು ವೀಸಾ ಕೊಡ್ತದಾ? ಆದೇಶವಾಗಿ 19 ದಿನ ಆಯ್ತು. ಏಜೆಂಟ್ ಫೋನ್ ಎತ್ತುವುದಿಲ್ಲ.

ಮೆಲ್ಬರ್ನಿನ ಕುಡ್ಲದವ:
ಅಕ್ಕಾ, ಮೊದಲು ಕ್ಯಾಲೆಂಡರ್ ನೋಡಿ. 35 ದಿನ ಮಾತ್ರ, ಅದೂ ಆದೇಶದ ತಾರೀಕಿನಿಂದ, ಇಮೇಲ್ ತೆರೆದ ದಿನದಿಂದಲ್ಲ. ಅರ್ಜಿ ಹೋಗುವುದು ಫೆಡರಲ್ ಸರ್ಕ್ಯೂಟ್ ಆ್ಯಂಡ್ ಫ್ಯಾಮಿಲಿ ಕೋರ್ಟಿನ 2ನೇ ವಿಭಾಗಕ್ಕೆ. ತಡವಾದರೆ ಅವಧಿ ವಿಸ್ತರಣೆ ಕೇಳಬಹುದು, ಅದನ್ನು ನಂಬಿ ಕೂರಬೇಡಿ ಮಾರಾಯ್ರೆ. ಏಜೆಂಟನನ್ನು ಬಿಡಿ, ವಕೀಲರನ್ನು ಹಿಡಿಯಿರಿ. ಸೋತರೆ ಸಾಮಾನ್ಯವಾಗಿ ಸರಕಾರದ ಕಡೆಯ ಖರ್ಚೂ ತಮ್ಮನ ತಲೆಗೇ. ಹೆಸರು ಹೊರಗೆ ಬರ್ತದೆಂಬ ಹೆದರಿಕೆ ಬೇಡ, ತೀರ್ಪಿನಲ್ಲಿ ಹೆಸರಿನ ಬದಲು ಅಕ್ಷರ, ಅಂಕಿ ಹಾಕ್ತಾರೆ.

ಬಲ್ಮಠದ ವಕೀಲ:
ನಾನು ಅಲ್ಲಿಯ ವಕೀಲನಲ್ಲ, ಆದರೂ ಇದು ನಮ್ಮ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿ ಹಾಕಿದ ಹಾಗೆಯೇ. ಕೋರ್ಟಿಗೆ ವೀಸಾ ಕೊಡುವ ಅಧಿಕಾರ ಇಲ್ಲ. ಬೆದರಿಕೆ ನಿಜವೋ ಅಲ್ಲವೋ ಅಂತಲೂ ನೋಡುವುದಿಲ್ಲ, ಟ್ರಿಬ್ಯೂನಲ್ ಕಾನೂನಿನ ಪ್ರಕಾರ ನಡೆದುಕೊಂಡಿತಾ ಅಂತ ಮಾತ್ರ. ಗೆದ್ದರೆ ಆದೇಶ ರದ್ದಾಗಿ ಪುನಃ ಟ್ರಿಬ್ಯೂನಲಿಗೇ ಬರ್ತದೆ. ಹಿಂಬರಹ ಆವಾಗ ಬೇಕಾದೀತು, ತೆಗೆದಿಡಿ.

ಈಗ ಕೆಲಸಕ್ಕೆ ಬರುವುದು ಆ "ಮೊನ್ನೆ". ವಿಚಾರಣೆಯ ಧ್ವನಿಮುದ್ರಣ ತರಿಸಿ, ಬೇರೆ ದುಭಾಷಿಯಿಂದ ಬರೆಸಿ. ಅನುವಾದ ತಪ್ಪಿತು ಅಂದರೆ ಸಾಲದು, ತಪ್ಪಿದ್ದರಿಂದಲೇ ನಂಬಲಿಲ್ಲ ಅಂತ ತೋರಿಸಬೇಕು. ನನಗೆ ಹೆದರಿಕೆ ಇರುವುದು ಬೆಂಗಳೂರಿನ ಮಾತಿನ ಮೇಲೆ. ಅದು ಬೇರೆಯೇ ಕಾರಣ, ಅದೊಂದರ ಮೇಲೇ ಆದೇಶ ನಿಂತುಬಿಡಬಹುದು.

ಮಲ್ಪೆಯ ಅಕ್ಕ:
ಹುಡುಗಿಯ ಅಣ್ಣ ಇರುವುದೇ ಯಶವಂತಪುರದಲ್ಲಿ! ತಮ್ಮ ಅದನ್ನು ಬರೆದೂ ಕೊಟ್ಟಿದ್ದ. ಆದೇಶ ಎರಡೆರಡು ಸಲ ಓದಿದೆ, ಆ ಸುದ್ದಿಯೇ ಇಲ್ಲ.

ಬಲ್ಮಠದ ವಕೀಲ:
ಹಾಗಾದರೆ ಅರ್ಜಿಯಲ್ಲಿ ಆ "ಮೊನ್ನೆ"ಯ ವಿಷಯಕ್ಕಿಂತ ಮೊದಲು ಅದನ್ನು ಹೇಳಿ, ಬೆಂಗಳೂರಿನ ಕಾರಣವನ್ನು ಅಲುಗಾಡಿಸುವುದು ಅದೇ. ಬರೆದುಕೊಟ್ಟದ್ದರ ಪ್ರತಿ ಉಂಟಲ್ಲ?