ಸಿಂಗಪುರದಲ್ಲಿ ನಡೆದು ತಿರುಗುವಾಗ ಸಿಗರೇಟು ಸೇದುವ ಜಾಗ ಎಲ್ಲಿ?

ಪ್ರಶ್ನೆ (ಹಾಸನ): ಮುಂದಿನ ತಿಂಗಳು ಮಗಳ ಮನೆಗೆಂದು ಸಿಂಗಪುರಕ್ಕೆ ಹೊರಟಿದ್ದೇವೆ. ನಮ್ಮ ಯಜಮಾನರಿಗೆ ಊರನ್ನು ನಡೆದೇ ನೋಡುವ ಆಸೆ, ಕಾಫಿಯಾದ ಮೇಲೆ ಸಿಗರೇಟೂ ಬೇಕು. ಸೇದಲು ಗೊತ್ತುಪಡಿಸಿದ ಜಾಗಗಳನ್ನು ಪತ್ತೆ ಮಾಡುವುದು ಹೇಗೆಂದು ಹೋಗಿ ಬಂದವರು ದಯವಿಟ್ಟು ತಿಳಿಸಿ.

ಉತ್ತರ (ಚಿಕ್ಕಮಗಳೂರು): ಮೇಡಂ, ಮಾಲ್‌ಗಳು ಸಾಲಾಗಿರುವ ಆರ್ಚರ್ಡ್ ರಸ್ತೆಯ ನಿಯಮ ಬೇರೆ, ಉಳಿದ ಊರಿನದು ಬೇರೆ. ಆರ್ಚರ್ಡ್ ರಸ್ತೆಯ ಆಸುಪಾಸಿನಲ್ಲಿ 2019ರ ಜನವರಿ 1ರಿಂದ ಧೂಮಪಾನ ನಿಷಿದ್ಧವಾಗಿದ್ದು, ಫಲಕ ಹಾಕಿ ಗುರುತಿಸಿದ ಜಾಗದೊಳಗೆ ನಿಂತು ಮಾತ್ರ ಸೇದಬಹುದು. ಜಾಗ ಕಾಣದಿದ್ದರೆ ಮಾಲ್‌ನ ಕಾವಲುಗಾರರನ್ನು ಕೇಳುವುದೇ ಮೇಲು. ಉಳಿದ ಕಡೆ ತೆರೆದ ಬೀದಿಯಲ್ಲಿ ಸೇದಲು ಅಡ್ಡಿಯಿಲ್ಲ. ಆದರೆ ಬಸ್ ತಂಗುದಾಣದಿಂದಲೂ ಕಟ್ಟಡಗಳ ಬಾಗಿಲಿನಿಂದಲೂ 5 ಮೀಟರ್ ದೂರವಿರಬೇಕು, ಉದ್ಯಾನಗಳಲ್ಲಿ ಮತ್ತು ಚಾವಣಿಯಿರುವ ಕಾಲುದಾರಿಗಳಲ್ಲಿ ಸೇದಲೇಬಾರದು. ಮಳೆ ಹನಿದೊಡನೆ ಯಾವುದಾದರೂ ಸೂರಿನಡಿ ಸರಿದು ಕಡ್ಡಿ ಗೀರುವ ನಮ್ಮ ಮಲೆನಾಡಿನವರು ಅಲ್ಲಿ ಸಿಕ್ಕಿಬೀಳುವುದು ಈ ಚಾವಣಿಯ ಕೆಳಗೇ, ಏಕೆಂದರೆ ಅಲ್ಲಿಯೂ ಮಳೆಗೆ ಕೊರತೆಯಿಲ್ಲ, ಸೂರಿರುವ ದಾರಿಗಳಿಗೂ ಕೊರತೆಯಿಲ್ಲ. ಬೂದಿ ತಟ್ಟೆಯಿರುವ ಕಸದ ತೊಟ್ಟಿ ಕಂಡರೆ ಅಲ್ಲಿ ಸೇದಬಹುದೆಂದು ಹಲವರು ಭಾವಿಸುತ್ತಾರೆ; ಅದೊಂದನ್ನೇ ನಂಬದೆ ತಲೆಯೆತ್ತಿ ಮೇಲೊಮ್ಮೆ ನೋಡಿಕೊಳ್ಳಲಿ.

ಉತ್ತರ (ಸಕಲೇಶಪುರ): ದಂಡ ಸಾಮಾನ್ಯವಾಗಿ 200 ಸಿಂಗಪುರ ಡಾಲರ್, ನ್ಯಾಯಾಲಯಕ್ಕೆ ಹೋದರೆ 1,000 ಡಾಲರ್‌ವರೆಗೆ. ಸೇದಿದ ತುಂಡನ್ನು ನೆಲಕ್ಕೆ ಎಸೆದರೆ ಕಸ ಹಾಕಿದ್ದಕ್ಕೆ ಪ್ರತ್ಯೇಕ ದಂಡವಿದೆ. ನಮ್ಮ ರಾಜ್ಯದಲ್ಲಿಯೂ ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ವಿಧಿಸುವ ದಂಡವನ್ನು 1,000 ರೂಪಾಯಿಗೆ ಏರಿಸಿದ್ದಾರೆ, ಕಟ್ಟಿದವರನ್ನು ನಾನಂತೂ ನೋಡಿಲ್ಲ.

ಉತ್ತರ (ಅರಸೀಕೆರೆ): ಜಾಗ ಹುಡುಕುವುದಕ್ಕೂ ಮೊದಲು ಪೆಟ್ಟಿಗೆಯನ್ನು ನೋಡಿಕೊಳ್ಳಿ. ಸಿಂಗಪುರದಲ್ಲಿ ಸಿಗರೇಟಿಗೆ ಸುಂಕದ ರಿಯಾಯಿತಿಯೇ ಇಲ್ಲ. ತೆರೆದ ಒಂದು ಪ್ಯಾಕಿದ್ದರೂ ಕಸ್ಟಮ್ಸ್‌ನ ಕೆಂಪು ದಾರಿಯಲ್ಲಿ ಹೋಗಿ ತೋರಿಸಿ ಸುಂಕ ಕಟ್ಟಬೇಕು. ವಿಮಾನ ನಿಲ್ದಾಣದ ಸುಂಕರಹಿತ ಅಂಗಡಿಯಲ್ಲಿ ಕೊಂಡದ್ದಕ್ಕೂ ಇದೇ ನಿಯಮ. ಇ-ಸಿಗರೇಟು ಸಂಪೂರ್ಣ ನಿಷಿದ್ಧ. ಎಲೆಯಡಿಕೆಯ ಜೊತೆಗೆ ಹೊಗೆಸೊಪ್ಪು ಹಾಕುವ ಅಭ್ಯಾಸ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದನ್ನು ಹಾಸನದಲ್ಲೇ ಬಿಟ್ಟು ಹೊರಡಿ, ಜಗಿಯುವ ತಂಬಾಕನ್ನೂ ಅವರು ಒಳಗೆ ಬಿಡುವುದಿಲ್ಲ.